ಹೊಳೆದಂಡೆಗೆ ದಾರಿ ಯಾರದು?



ನಾಳೆ ನಿಮ್ಮೂರ ಹೊಳೆದಂಡೆಗೆ ಒಂದು ವಿಶ್ವವಿದ್ಯಾಲಯ ಬರುತ್ತದೆ ಅಂತ ಇಟ್ಟುಕೊಳ್ಳಿ. ಅಧಿಕಾರಿಗಳು ಬಣ್ಣದ ನಕ್ಷೆ ಹಿಡಿದು ಬರ್ತಾರೆ. ಅದರಲ್ಲಿ ಅಗಲವಾದ ರಸ್ತೆ, ದಂಡೆಯುದ್ದಕ್ಕೂ ಉದ್ಯಾನ, ನೀರಿನ ಬದಿಗೆ ಕಲ್ಲಿನ ಮೆಟ್ಟಿಲು ಎಲ್ಲಾ ಇರುತ್ತದೆ. ನಾವು ಕೇಳುವುದು ಒಂದೇ ಮಾತು: "ಸ್ವಾಮಿ, ಎಕರೆಗೆ ಎಷ್ಟು ಕೊಡ್ತೀರಿ?"

ಆ ಮಾತು ಕೇಳಲೇಬೇಕು. ಆದರೆ ಅದೊಂದನ್ನೇ ಕೇಳಿ ಮನೆಗೆ ಬಂದರೆ ಅರ್ಧ ಸೋತ ಹಾಗೆ. ಉಳಿದ ಹೊಲಕ್ಕೆ ನಿಮ್ಮ ಬಂಡಿ ಯಾವ ದಾರಿಯಲ್ಲಿ ಹೋಗಬೇಕು? ದನ ಎಲ್ಲಿ ನೀರಿಗಿಳಿಯಬೇಕು? ಪಂಪ್‌ಸೆಟ್ಟಿನ ಪೈಪು ಎಲ್ಲಿ ದಾಟಬೇಕು? ಇದು ನಕ್ಷೆಯಲ್ಲಿ ಇಲ್ಲದಿದ್ದರೆ ಆ ನಕ್ಷೆ ನಿಮ್ಮದಲ್ಲ.

ದೂರ ಹೋಗುವುದು ಬೇಡ. ನಮ್ಮ ರಾಯಚೂರು ದಾಟಿ ಹೋದ ಕೃಷ್ಣೆಯ ದಂಡೆಯಲ್ಲೇ, ಆಂಧ್ರದ ಅಮರಾವತಿಯಲ್ಲಿ ಏನಾಯ್ತು ನೋಡಿ. 2014ರಲ್ಲಿ ಶಿವರಾಮಕೃಷ್ಣನ್ ಸಮಿತಿ, ಇಂಥ ಫಲವತ್ತಾದ ಭೂಮಿಯನ್ನು ರಾಜಧಾನಿಗೆ ಬಳಸಬೇಡಿ ಅಂತ ಎಚ್ಚರಿಸಿತ್ತು. ಸರ್ಕಾರ ಕೇಳಲಿಲ್ಲ. 2015ರಿಂದ ಸುಮಾರು 33 ಸಾವಿರ ಎಕರೆ ಒಟ್ಟುಗೂಡಿಸಿತು. ಒಂದು ಎಕರೆ ಒಣಭೂಮಿ ಕೊಟ್ಟವರಿಗೆ 1,000 ಚದರ ಗಜ ಮನೆ ನಿವೇಶನ, 250 ಚದರ ಗಜ ಅಂಗಡಿ ನಿವೇಶನ, ಹತ್ತು ವರ್ಷ ವರ್ಷಾಶನ ಎಂಬ ಮಾತಾಯಿತು. ವರ್ಷಾಶನ ಎಕರೆಗೆ 30 ಸಾವಿರ ರೂಪಾಯಿಯಿಂದ ಶುರು. ಹೊಳೆ ಮಗ್ಗುಲಿನ ಜರೀಬು ಭೂಮಿಗೆ 50 ಸಾವಿರ.

2017ಕ್ಕೆ ಅಲ್ಲಿ ಖಾಸಗಿ ವಿಶ್ವವಿದ್ಯಾಲಯಗಳ ಪಾಠ ಶುರುವಾಯಿತು. ಆದರೆ ವಿಜಯವಾಡ ಕಡೆಯಿಂದ ನಗರಕ್ಕೆ ಬರಬೇಕಿದ್ದ ಹೆದ್ದಾರಿ ವರ್ಷಗಟ್ಟಲೆ ಅರ್ಧಕ್ಕೆ ನಿಂತಿತ್ತು. ಯಾಕಂದ್ರೆ ಉಂಡವಲ್ಲಿ, ಪೆನುಮಾಕ ಕಡೆಯ ರೈತರು ಅನೇಕರು ಭೂಮಿ ಕೊಡಲಿಲ್ಲ. ಕೈಗೆಟುಕುವಷ್ಟು ಆಳದಲ್ಲಿ ನೀರು, ವರ್ಷಪೂರ್ತಿ ಬೆಳೆ, ಅವರು ಯಾಕೆ ಕೊಟ್ಟಾರು? ತಪ್ಪು ಅವರದಲ್ಲ. ದಾರಿ ಗಟ್ಟಿ ಮಾಡಿಕೊಳ್ಳದೆ ಊರು ಕಟ್ಟಲು ಹೊರಟವರದು.

ನೀರಿನ ಕತೆಯೂ ಅಷ್ಟೇ. ಕೊಂಡವೀಟಿ ವಾಗು ಎಂಬ ಹಳ್ಳ ಮಳೆಗಾಲದಲ್ಲಿ ಉಕ್ಕಿ ಆ ಹೊಲಗಳ ಮೇಲೆ ಹರಡುವುದು ಹಳೇ ಸಂಗತಿ. ಹಳ್ಳಕ್ಕೆ ಅದರ ಜಾಗ ಬೇಕು. ಅದನ್ನು ಎತ್ತಿ ಕೃಷ್ಣೆಗೆ ಸುರಿಯಲು 2018ರಲ್ಲಿ ಪಂಪುಮನೆ ಕಟ್ಟಬೇಕಾಯಿತು.

2019ರಲ್ಲಿ ಸರ್ಕಾರ ಬದಲಾಯಿತು, ಮೂರು ರಾಜಧಾನಿ ಅಂದಿತು, ಕೆಲಸ ನಿಂತಿತು. ಭೂಮಿ ಕೊಟ್ಟವರ ಕೈಯಲ್ಲಿ ಉಳಿದದ್ದು ರಸ್ತೆಯಿಲ್ಲದ ನಿವೇಶನದ ಕಾಗದ. ಡಿಸೆಂಬರಿನಿಂದ ಅವರು ಬೀದಿಗಿಳಿದರು. ನಿವೇಶನ ಸಿದ್ಧಮಾಡಿ ಕೊಡಿ ಅಂತ 2022ರ ಮಾರ್ಚಿನಲ್ಲಿ ಹೈಕೋರ್ಟು ಹೇಳಿತು. ಮತ್ತೆ ಕೆಲಸ ಹಿಡಿದದ್ದು 2024ರಲ್ಲಿ ಸರ್ಕಾರ ಇನ್ನೊಮ್ಮೆ ಬದಲಾದ ಮೇಲೆ. ದಾರಿಯಿಲ್ಲದ ನಿವೇಶನಕ್ಕೆ ಬೆಲೆ ಎಲ್ಲಿಂದ ಬರಬೇಕು? ಪಹಣಿ ಹೋದ ಮೇಲೆ ಬೆಳೆಸಾಲ ಯಾರು ಕೊಡ್ತಾರೆ? ಆಗ ಉಳಿಯುವುದು ಬಡ್ಡಿ ವ್ಯಾಪಾರಿಯ ಬಾಗಿಲು ಒಂದೇ.

ಈಗ ನಿಮ್ಮ ಕೈಯಲ್ಲಿರುವ ಅಸ್ತ್ರ ಕೇಳಿ. 1882ರ ಅನುಭೋಗ ಹಕ್ಕುಗಳ ಕಾಯ್ದೆ ಪ್ರಕಾರ, ಹಕ್ಕೆಂದು ಬಹಿರಂಗವಾಗಿ, ತಡೆಯಿಲ್ಲದೆ 20 ವರ್ಷ ಬಳಸಿದ ದಾರಿ ನಿಮ್ಮ ಹಕ್ಕಾಗುತ್ತದೆ. ಸರ್ಕಾರಿ ಜಾಗದಲ್ಲಾದರೆ 30 ವರ್ಷ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಇಂಥ ದಾರಿಯ ಹಕ್ಕುಳ್ಳವನೂ ಬಾಧ್ಯಸ್ಥನೇ. ಅಂದರೆ ನಿಮ್ಮ ಹೊಲ ಹೋಗದಿದ್ದರೂ ದಾರಿ ಹೋಗುವುದಾದರೆ ಪರಿಹಾರ ಕೇಳಬಹುದು. ಆ ಕಾಯ್ದೆಯ ಮೊದಲ ಅಧಿಸೂಚನೆಯಿಂದ 60 ದಿನದೊಳಗೆ ತಕರಾರು ಹಾಕಬೇಕು. ಆದರೆ ಒಂದು ಎಚ್ಚರ: "ಸ್ವಂತ ಇಚ್ಛೆಯಿಂದ ಕೊಟ್ಟೆ" ಅಂತ ರುಜು ಹಾಕಿದರೆ ಈ ಕಾಯ್ದೆಯ ರಕ್ಷಣೆ ನಿಮ್ಮ ಹಿಂದೆ ಬರುವುದಿಲ್ಲ. ಯಾವ ಕಾಯ್ದೆಯಡಿ ಕೇಳ್ತಿದ್ದೀರಿ ಅಂತ ಮೊದಲೇ ಬಾಯಿಬಿಡಿಸಿ.

ವಿದ್ಯೆ ಬೇಡ ಅಂತ ಯಾವ ರೈತನೂ ಹೇಳಲ್ಲ. ನಮ್ಮ ಮಕ್ಕಳೂ ಅಲ್ಲಿ ಓದಲಿ. ಆದರೆ ನಕ್ಷೆಯನ್ನು ತಾಲ್ಲೂಕು ಕಚೇರಿಯಲ್ಲಿ ನೋಡಿ ತಲೆಯಾಡಿಸಬೇಡಿ. ಊರ ಕಟ್ಟೆಗೆ ತರಿಸಿ. ಪಕ್ಕದಲ್ಲಿ ಹಳೇ ಗ್ರಾಮ ನಕಾಶೆ ಹಾಸಿ, ಬಂಡಿದಾರಿ, ಕಾಲುದಾರಿ, ಹಳ್ಳ ಒಂದೊಂದನ್ನೂ ತಾಳೆ ನೋಡಿ. ಹೊಸದರಲ್ಲಿ ಯಾವುದು ಕಾಣುವುದಿಲ್ಲವೋ ಅದನ್ನು ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ರಸ್ತೆ ಯಾವಾಗ, ಯಾರ ಖರ್ಚಿನಲ್ಲಿ, ಬೇಲಿ ಬಿದ್ದ ಮೇಲೂ ಹೊಳೆಗೆ ಇಳಿಯುವ ದಾರಿ ಎಲ್ಲಿ ಅಂತ ಬರಹದಲ್ಲಿ ಬರಲಿ. ಬಾಯಿಮಾತಿಗೆ ಸರ್ಕಾರದ ಆಯುಸ್ಸಿಗಿಂತ ಹೆಚ್ಚು ಆಯುಸ್ಸಿಲ್ಲ.

ಒಬ್ಬೊಬ್ಬರೇ ಹೋದರೆ ರೇಟು ಮಾತಾಡಿ ಕಳಿಸ್ತಾರೆ. ಊರೇ ಹೋದರೆ ದಾರಿಯ ಮಾತು ಆಡಲೇಬೇಕಾಗುತ್ತದೆ. ರುಜು ಹಾಕುವ ಮೊದಲು ಹೋಗಿ. ಹಾಕಿದ ಮೇಲೆ ಕೇಳುವವರಿಲ್ಲ.