ಕೊಬ್ಬರಿ ಮೂಟೆಗಿರೋ ಹಕ್ಕು ಮನೆಗಿಲ್ವಾ?

ತಿಪಟೂರಿನ ಎಪಿಎಂಸಿಗೆ ನಮ್ಮ ಕಡೆಯ ರೈತ ಕೊಬ್ಬರಿ ಮೂಟೆ ತಂದು ಇಳಿಸುತ್ತಾನೆ. ವರ್ತಕರು ಟೆಂಡರ್ ಹಾಕುತ್ತಾರೆ. ರೇಟು ಒಪ್ಪಿಗೆಯಾದರೆ ಕೊಡುತ್ತಾನೆ, ಇಲ್ಲ ಅಂದ್ರೆ "ಈ ಬೆಲೆಗೆ ಕೊಡಲ್ಲ" ಅಂತಾನೆ. ಸಾಲ ಕೊಟ್ಟವನ ಕಾಟಕ್ಕೆ ಎಷ್ಟೋ ಸಲ ಸಿಕ್ಕ ಬೆಲೆಗೇ ಮಾರಬೇಕಾಗುತ್ತೆ, ಅದು ಬೇರೆ ಮಾತು. ಆದ್ರೆ ಒಲ್ಲೆ ಅನ್ನೋ ಹಕ್ಕಂತೂ ಇದೆ. ಒಂದು ಮೂಟೆ ಕೊಬ್ಬರಿಗಿರೋ ಈ ಹಕ್ಕು ಬಡವರು ಇಪ್ಪತ್ತು ವರ್ಷ ಬಾಳಿದ ಮನೆಗೆ ಇಲ್ಲ. ನನ್ನ ತಕರಾರು ಇಷ್ಟೇ.

ಬೆಂಗಳೂರಿನ ಕೋರಮಂಗಲಕ್ಕೆ ಅಂಟಿಕೊಂಡ ಈಜಿಪುರದ ಕಥೆ ನೆನಪಿದೆಯಾ? 1990ರ ದಶಕದ ಆರಂಭದಲ್ಲಿ ಮಹಾನಗರ ಪಾಲಿಕೆ ಅಲ್ಲಿ ಬಡವರಿಗೆ ಅಂತ ಸಾವಿರದೈನೂರು ಮನೆಗಳಷ್ಟು ದೊಡ್ಡ ಕ್ವಾರ್ಟರ್ಸ್ ಕಟ್ಟಿತು. ಕಟ್ಟಿದ ಚೆಂದ ಹೇಗಿತ್ತು ಅಂದ್ರೆ, ಇಪ್ಪತ್ತು ವರ್ಷ ತುಂಬೋ ಮೊದಲೇ ಬ್ಲಾಕುಗಳು ಕುಸಿಯತೊಡಗಿದವು. ಉಳಿದವನ್ನು ಅಪಾಯ ಅಂತ ಕೆಡವಿದರು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ಡಿಗೆ ಬಂದರು. ಪಾಲಿಕೆ ಒಂದು ಖಾಸಗಿ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿತು: ಅರ್ಧ ಜಾಗದಲ್ಲಿ ಬಡವರ ಮನೆ, ಇನ್ನರ್ಧದಲ್ಲಿ ಮಾಲ್. 2013ರ ಜನವರಿಯ ಚಳಿಯಲ್ಲಿ ಜೆಸಿಬಿ, ಪೊಲೀಸರು ಬಂದು ಶೆಡ್ಡುಗಳನ್ನು ನೆಲಸಮ ಮಾಡಿದರು. ಸಾವಿರಾರು ಜನ, ಶಾಲೆಗೆ ಹೋಗೋ ಮಕ್ಕಳ ಸಮೇತ ಫುಟ್‌ಪಾತಿಗೆ ಬಿದ್ದರು. ಅದಾದ ಮೇಲೂ ವರ್ಷಗಟ್ಟಲೆ ಅಲ್ಲಿ ಬಡವರ ಮನೆ ಏಳಲಿಲ್ಲ.

ಕಳಪೆ ಕಟ್ಟಡ ಕಟ್ಟಿದ್ದು ಯಾರು, ಬೀದಿಗೆ ಬಿದ್ದದ್ದು ಯಾರು? ಈ ಪ್ರಶ್ನೆ ಎಲ್ಲರೂ ಕೇಳಿದರು. ನಾನು ಕೇಳೋದು ಇನ್ನೊಂದು. ಆ ಒಪ್ಪಂದವನ್ನು ಅಲ್ಲಿ ವಾಸವಿದ್ದವರ ಮುಂದಿಟ್ಟು, ಗುಟ್ಟಾಗಿ ಓಟು ಹಾಕಿಸಿ, "ಒಪ್ಪಿಗೆಯೇ?" ಅಂತ ಯಾಕೆ ಕೇಳಲಿಲ್ಲ?

"ಜನರನ್ನ ಕೇಳ್ತಾ ಕೂತರೆ ಯಾವ ಕೆಲಸ ಆಗುತ್ತೆ ಸ್ವಾಮಿ?" ಅನ್ನೋರಿದ್ದಾರೆ. ಅವರಿಗೆ ಎರಡು ಮಾತು. ಅದೇ 2013ರಲ್ಲಿ ಬಂದ ಭೂಸ್ವಾಧೀನ ಕಾಯ್ದೆ ನೋಡಿ. ಸರ್ಕಾರ-ಖಾಸಗಿ ಸಹಭಾಗಿತ್ವದ ಯೋಜನೆಗೆ ಜಮೀನು ತಗೋಬೇಕಾದ್ರೆ ನೂರಕ್ಕೆ 70, ಖಾಸಗಿ ಕಂಪನಿಗಾದ್ರೆ ನೂರಕ್ಕೆ 80 ಒಪ್ಪಿಗೆ ಬೇಕು ಅನ್ನುತ್ತೆ. ಅಂದ್ರೆ ಕೇಳೋದು ಅಸಾಧ್ಯ ಅಂತ ಸಂಸತ್ತಿಗೆ ಅನ್ನಿಸಿಲ್ಲ. ಆದ್ರೆ ಆ ಒಪ್ಪಿಗೆ ಕೇಳೋದು ಜಮೀನಿನ ಒಡೆಯನನ್ನು. ನೆಲ ಪಾಲಿಕೆಯದ್ದಾಗಿ, ಮನೆ ಮಾತ್ರ ನಮ್ಮದು ಅಂದುಕೊಂಡವರಿಗೆ ಅದೂ ಇಲ್ಲ. ಖಾತೆ ಇದ್ದವನಿಗೆ ಬಾಯಿ ಇದೆ, ಇಲ್ಲದವನಿಗೆ ಇಲ್ಲ.

ಇನ್ನು ಲಂಡನ್. ಅಲ್ಲೂ ಹಳೇ ಸರ್ಕಾರಿ ವಸತಿ ಕಟ್ಟಡ ಕೆಡವಿ ಹೊಸದು ಕಟ್ಟೋ ಜಗಳ ಬಹಳ ವರ್ಷದ್ದು. 2018ರ ಜುಲೈನಲ್ಲಿ ಮೇಯರ್ ಸಾದಿಕ್ ಖಾನ್ ಒಂದು ಷರತ್ತು ತಂದರು. ನಮ್ಮ ದುಡ್ಡಿನಲ್ಲಿ ಜನರ ಮನೆ ಕೆಡವೋ ದೊಡ್ಡ ಯೋಜನೆ ಮಾಡೋದಾದ್ರೆ ಮೊದಲು ಅಲ್ಲಿನ ನಿವಾಸಿಗಳ ಮತದಾನ ಆಗಬೇಕು. ಬಾಡಿಗೆಗೆ ಇರೋ ಹದಿನಾರು ದಾಟಿದ ಹುಡುಗರಿಗೂ ಓಟುಂಟು. ಏನು ಕೊಡ್ತೀವಿ, ವಾಪಸ್ ಬರೋ ಹಕ್ಕು ಇದೆಯಾ ಅನ್ನೋದನ್ನ ಮತದಾನಕ್ಕೆ ಮುಂಚೆಯೇ ಬರಹದಲ್ಲಿ ಕೊಡಬೇಕು. ಇದರಿಂದ ಲಂಡನ್ನಿನಲ್ಲಿ ಕಟ್ಟಡ ಕಟ್ಟೋದೇನೂ ನಿಂತುಹೋಗಲಿಲ್ಲ. ಎಷ್ಟೋ ಕಡೆ ಜನ ಹೌದು ಅಂತಲೇ ಓಟು ಹಾಕಿದರು.

ಓಟು ಅಂದ ತಕ್ಷಣ ಎಲ್ಲ ಸರಿಹೋಗುತ್ತೆ ಅಂತ ನಾನು ನಂಬಿಲ್ಲ. ನಮ್ಮ ಸೊಸೈಟಿ, ಸಂಘಗಳ ಚುನಾವಣೆ ನೋಡಿದವರಿಗೆ ಓಟನ್ನು ಹೇಗೆ ಕೊಳ್ಳುತ್ತಾರೆ ಅಂತ ಗೊತ್ತು. ಅದಕ್ಕೇ ಸಭೆಯಲ್ಲಿ ಕೈ ಎತ್ತಿಸೋದು ಬೇಡ, ಮುಖಂಡನ ಒಂದು ಸಹಿಯನ್ನೇ ಎಲ್ಲರ ಒಪ್ಪಿಗೆ ಅನ್ನೋದು ಬೇಡ. ಚೀಟಿ ಗುಟ್ಟಾಗಿರಲಿ, ಬಾಡಿಗೆಯವರ ಹೆಸರೂ ಪಟ್ಟಿಯಲ್ಲಿರಲಿ, ಹೆಂಗಸರ ಓಟನ್ನ ಗಂಡಸರು ಹಾಕೋದು ನಿಲ್ಲಲಿ. ಒಪ್ಪಂದ ಕನ್ನಡದಲ್ಲಿರಲಿ, ಓದೋಕೆ ಒಂದು ತಿಂಗಳಾದ್ರೂ ಟೈಮ್ ಕೊಡಿ.

ಇನ್ನೊಂದು ಷರತ್ತು ನಮ್ಮ ತೋಟದಿಂದಲೇ ತಗೊಳ್ಳಿ. ಫಸಲು ಕಮ್ಮಿಯಾದ ತೆಂಗಿನ ತೋಟವನ್ನ ಬುದ್ಧಿ ಇರೋನು ಒಂದೇ ದಿನ ಕಡಿದು ಬಯಲು ಮಾಡಲ್ಲ. ಹಳೇ ಸಾಲಿನ ನಡುವೆ ಸಸಿ ನೆಡ್ತಾನೆ, ಸಸಿ ಮೇಲೆದ್ದ ಹಾಗೆ ಹಳೇ ಮರ ತೆಗೀತಾನೆ. ಮನೆಗೂ ಅದೇ ಲೆಕ್ಕ. ಒಂದು ಮೂಲೆಯಲ್ಲಿ ಹೊಸ ಬ್ಲಾಕ್ ಏಳಲಿ, ಜನ ಬೀಗದ ಕೈ ಹಿಡಿದು ಒಳಗೆ ಹೋಗಲಿ, ಆಮೇಲೆ ಹಳೇದನ್ನ ಕೆಡವಿ.

ಇದೆಲ್ಲ ಬೆಂಗಳೂರಿನ ರಗಳೆ, ಚಿಕ್ಕನಾಯಕನಹಳ್ಳಿಯೋರಿಗೆ ಯಾಕೆ ಅಂತೀರಾ? ಮಳೆ ಕೈಕೊಟ್ಟು, ನುಸಿ ಪೀಡೆ ಬಂದು ಫಸಲು ಹೋದಾಗ ನಮ್ಮೂರ ಹುಡುಗರು ಬಸ್ಸು ಹತ್ತಿ ಹೋಗಿದ್ದು ಎಲ್ಲಿಗೆ? ಅವರು ಇರೋದು ಇಂಥ ಕ್ವಾರ್ಟರ್ಸು, ಶೆಡ್ಡು, ವಠಾರಗಳಲ್ಲೇ. ನಮ್ಮಲ್ಲೂ ಸರ್ಕಾರ ಕೊಟ್ಟ ಆಶ್ರಯ ಮನೆಗಳಿವೆ. ಅವೂ ಹಳೇದಾಗ್ತಿವೆ. ನಾಳೆ ಅಲ್ಲೊಬ್ಬ ನಕ್ಷೆ ಹಿಡಿದು ಬಂದು "ನಿಮ್ಮ ಒಳ್ಳೇದಕ್ಕೇ ಕಣ್ರೀ" ಅಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಓಟು ಯಾವಾಗ? ಅದಕ್ಕೆ ಉತ್ತರ ಬರೋವರೆಗೂ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ.