ಶುಕ್ರವಾರದ ಮೂರ್ಛೆ

ಕೊಯಮತ್ತೂರು, ತಿರುಪ್ಪೂರು ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಶುಕ್ರವಾರವೆಂದರೆ ಹೆಂಗಸರ ಎಣ್ಣೆಸ್ನಾನದ ದಿನ. ಹಂಡೆಯಲ್ಲಿ ನೀರು ಚೆನ್ನಾಗಿ ಕಾಯಬೇಕು, ನೆತ್ತಿಯ ಮೇಲೆ ಚೊಂಬು ಚೊಂಬಾಗಿ ಸುರಿಯಬೇಕು. ಮೈ ಕೆಂಪಾಗದಿದ್ದರೆ ಅಜ್ಜಿಯರ ಪಾಲಿಗೆ ಅದು ಸ್ನಾನವೇ ಅಲ್ಲ.

ನಮ್ಮ ದೊಡ್ಡಪ್ಪನ ಮಗಳಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಮೂರ್ಛೆ ಬರತೊಡಗಿದ್ದು ಇಂಥ ಶುಕ್ರವಾರಗಳಲ್ಲಿಯೇ. ನೀರು ಸುರಿದುಕೊಳ್ಳುತ್ತಿದ್ದಂತೆ ಕಣ್ಣು ನೆಟ್ಟು, ಮಾತು ತೊದಲಿ, ಬಚ್ಚಲಲ್ಲಿ ಬಿದ್ದುಬಿಡುತ್ತಿದ್ದಳು. ಶುಕ್ರವಾರ ದೇವಿಯ ವಾರವಲ್ಲವೆ? ಹಿರಿಯರು ತಾಯಿತ ಕಟ್ಟಿಸಿದರು, ಶಾಲೆ ಬಿಡಿಸಿದರು. ಆಸ್ಪತ್ರೆಗೆ ಹೋದಾಗಲೂ "ಆಗಾಗ ತಲೆಸುತ್ತಿ ಬೀಳುತ್ತಾಳೆ" ಎಂದಷ್ಟೇ ಹೇಳಿದರು. ಮುಂದೆ ಮದುವೆಯಾಗಬೇಕಾದ ಹುಡುಗಿ ಎಂಬ ಅಂಜಿಕೆ.

ಇದಕ್ಕೆ ಬಿಸಿನೀರಿನ ಅಪಸ್ಮಾರವೆಂದು ಹೆಸರು. ಪ್ರಪಂಚದ ಬೇರೆ ಕಡೆ ಅಪರೂಪವಾದ ಇದು ದಕ್ಷಿಣ ಭಾರತದಲ್ಲಿ ಹೆಚ್ಚು. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿಯವರೂ ಅವರ ಸಂಗಡಿಗರೂ 1974ರಲ್ಲಿ ಇಂಥ 108 ರೋಗಿಗಳ ವಿವರ ಪ್ರಕಟಿಸಿದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶಚಂದ್ರ ಮತ್ತು ಸಂಗಡಿಗರು 279 ಮಂದಿಯ ವಿವರ ಕೊಟ್ಟರು. ನೀರಿನ ಬಿಸಿ ಎಷ್ಟು, ತಲೆಗೆ ಹೇಗೆ ಸುರಿದರು ಎಂದು ಬಚ್ಚಲುಮನೆಯ ಸಂಗತಿಗಳನ್ನೇ ವಿಚಾರಿಸಿ ಕಂಡುಕೊಂಡ ವಿದ್ಯೆ ಇದು. ಸ್ನಾನವಿಲ್ಲದ ಹೊತ್ತಿನಲ್ಲಿ ತೆಗೆದ ಮಿದುಳಿನ ವಿದ್ಯುತ್ ನಕ್ಷೆ ಬಹಳ ಮಂದಿಯಲ್ಲಿ ಸರಿಯಾಗಿಯೇ ಇರುತ್ತದೆ. ಹಾಗಾದರೆ ಯಂತ್ರ ಹೇಳದ್ದನ್ನು ಹೇಳಬೇಕಾದವರು ಯಾರು? ಕಣ್ಣಾರೆ ಕಂಡವರು ತಾನೆ!

ನನ್ನ ತಕರಾರು ತಾಯಿತದ ಮೇಲಲ್ಲ, ಮುಚ್ಚಿಡುವುದರ ಮೇಲೆ. ವೈದ್ಯರು ನಾಲ್ಕು ದಶಕ ದುಡಿದು ಕಂಡುಕೊಂಡದ್ದು, ನಾವು ಒಂದು ಮಾತು ನುಂಗಿದರೆ ನಮ್ಮ ಮನೆಯ ಮಗುವಿಗೆ ದಕ್ಕುವುದಿಲ್ಲ. ತರಗತಿಯಲ್ಲಿ ಗೆಳೆಯನೊಬ್ಬ ಮೂರ್ಛೆ ಬಿದ್ದರೂ ಅಷ್ಟೆ. ಕೈಗೆ ಕಬ್ಬಿಣ ಕೊಡಲು ಓಡಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ. ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಸಾಗಿಸಿ. ಯಾವ ಕೈ ಮೊದಲು ಅದುರಿತು, ಅದಕ್ಕೆ ಮುಂಚೆ ಏನು ಮಾಡುತ್ತಿದ್ದ ಎಂಬುದನ್ನು ನೆನಪಿಟ್ಟು ಹೇಳಿ.

ನಮ್ಮ ಹುಡುಗಿಯ ವಿಷಯದಲ್ಲಿ ಎರಡು ವರ್ಷ ಕಳೆದ ಮೇಲೆ ಮತ್ತೊಬ್ಬ ವೈದ್ಯರು, "ಬಿದ್ದಾಗ ಏನು ಮಾಡುತ್ತಿದ್ದಳಮ್ಮಾ?" ಎಂದು ಕೇಳಿದರು. ದೊಡ್ಡಮ್ಮ ದೊಡ್ಡಪ್ಪನ ಮುಖ ನೋಡಿದರು. ಆಮೇಲೆ ಎಲ್ಲವನ್ನೂ ಹೇಳಿಬಿಟ್ಟರು. ತಲೆಗೆ ಉಗುರುಬೆಚ್ಚಗಿನ ನೀರು, ತಲೆಸ್ನಾನದ ದಿನ ಒಂದೆರಡು ಗಂಟೆ ಮುಂಚೆ ಒಂದು ಮಾತ್ರೆ, ಚಿಕಿತ್ಸೆ ಅಷ್ಟೇ. (ಎಲ್ಲರಿಗೂ ಇಷ್ಟೇ ಸಾಲದು. ಬೇರೆ ವೇಳೆಯಲ್ಲೂ ಮೂರ್ಛೆ ಬರುವವರು ದಿನವೂ ಔಷಧಿ ತೆಗೆದುಕೊಳ್ಳಬೇಕಾಗುತ್ತದೆ.) ಆಕೆ ಮತ್ತೆ ಶಾಲೆಗೆ ಸೇರಿದಳು, ತನಗಿಂತ ಎರಡು ವರ್ಷ ಚಿಕ್ಕವರ ಜೊತೆಗೆ. ಅಜ್ಜಿ ಮಾತ್ರ ಇಂದಿಗೂ, "ತಣ್ಣೀರು ಹುಯ್ದುಕೊಂಡರೆ ಅದೂ ಒಂದು ಸ್ನಾನವೇ?" ಎಂದು ಗೊಣಗುತ್ತಾರೆ.