ಮೀಟರ್ ರೇಟು ನೋಡಿ ಪೆಟ್ರೋಲ್ ಪೈಪ್ ಆರಿಸಬೇಡಿ

ಗ್ಯಾರೇಜ್ ಲೆಕ್ಕ | ಭಾಗ 6

ಮೊದಲನೇ ಫೋಟೋ ಸರಿಯಾಗಿ ನೋಡ್ರಿ. ಬೆಳ್ಳಿ ಬಣ್ಣದ ಪೈಪು, ತುದಿಗೆ ಕರಿ ರಬ್ಬರು, ಮೇಲೊಂದು ಕ್ಲಿಪ್ಪು. ನೋಡೋಕೆ ನೀಟಾಗೇ ಇದೆ. ಇದು ನಮ್ಮ ಚಿಕ್ಕಪ್ಪನ ಹಳೇ ಪೆಟ್ರೋಲ್ ವ್ಯಾನಿನ ಕೆಳಗಡೆ ಹೋಗೋ ಪೈಪು. ಹಾಕಿಸಿ ಮೂರು ವಾರ ಕೂಡ ಆಗಿರಲಿಲ್ಲ.

ತಂಬ್ರಹಳ್ಳಿಯಿಂದ ಹಗರಿಬೊಮ್ಮನಹಳ್ಳಿಗೆ ಟೊಮೆಟೊ ಹೇರಿಕೊಂಡು ಹೊರಟಿದ್ವಿ. ಒಂದು ಹಂಪ್ ದಾಟಿ ಸ್ವಲ್ಪ ದೂರ ಹೋದ ಮೇಲೆ ಚಿಕ್ಕಮ್ಮ, "ಏನೋ ವಾಸ್ನಿ ಬರಾಕತ್ತೈತಿ, ನಿಲ್ಲಸ್ರಿ" ಅಂದ್ಳು. ಇಳಿದು ಬಗ್ಗಿ ನೋಡಿದ್ರೆ ರಬ್ಬರ್ ಪೈಪಿನಿಂದ ಜಾರಿ ಹೊರಗೆ ಬಂದಿದೆ, ಪೆಟ್ರೋಲ್ ಸುರೀತಾ ಇದೆ. ಅಲ್ಲಿಂದ ಒಂದು ಗೇಣು ದೂರದಲ್ಲಿ ಸೈಲೆನ್ಸರ್. ಮುಂದೆ ಚಿಕ್ಕಪ್ಪ, ಚಿಕ್ಕಮ್ಮ. ಹಿಂದೆ ಕ್ರೇಟುಗಳ ಸಂದಿಯಲ್ಲಿ ನಾನು.

ಏನೂ ಆಗಲಿಲ್ಲ. ಆದ್ರೆ "ಏನೂ ಆಗಲಿಲ್ಲ ಬಿಡು" ಅಂತ ಎಲ್ಲರೂ ಬಿಡೋದಕ್ಕೇ ಇಂಥ ಕೆಲಸ ನಡೀತಾನೇ ಇರೋದು. ಅದಕ್ಕೇ ಬರೀತಿದ್ದೀನಿ.

ಗಾಡಿಯಲ್ಲಿ ಮೊದಲಿದ್ದದ್ದು ಸ್ಟೀಲ್ ಪೈಪ್. ಕೆಸರು, ನೀರು ನಿಲ್ಲೋ ಜಾಗದಲ್ಲಿ ತುಕ್ಕು ತಿಂದು ತೂತಾಗಿತ್ತು. ಗ್ಯಾರೇಜಿನವರು ಹೇಳಿದ್ದು ಮೂರೇ ಮಾತು: "ಅಲ್ಯೂಮಿನಿಯಂ ಹಾಕ್ತೀನಿ. ತುಕ್ಕು ಹಿಡಿಯಲ್ಲ, ಕೈಯಾಗ ಬಗ್ತೈತಿ, ರೇಟೂ ಕಮ್ಮಿ." ಮೂರೂ ನಿಜ. ನಾವು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟಾಗ್ತೈತಿ?" ಹಾಗಾಗಿ ತಪ್ಪೆಲ್ಲ ಅವರ ತಲೆಗೆ ಕಟ್ಟೋಕೆ ನನಗೆ ಮನಸ್ಸಿಲ್ಲ. ಅರ್ಧ ನಮ್ಮದೇ.

ನಾನು ಮೆಕ್ಯಾನಿಕ್ ಅಲ್ಲ, ಬಿಕಾಂ ಓದೋ ಹುಡುಗ. ಕಾಸ್ಟಿಂಗ್ ಕ್ಲಾಸಲ್ಲಿ ಬೆಲೆ ಬೇರೆ, ವೆಚ್ಚ ಬೇರೆ ಅಂತ ಬರೆಸ್ತಾರಲ್ಲ, ಅದು ನನಗೆ ಅರ್ಥ ಆಗಿದ್ದು ಆ ದಿನ. ಸ್ಟೀಲ್ ಬಿಟ್ಟು ಅಲ್ಯೂಮಿನಿಯಂ ಹಾಕಿಸಿ ಉಳಿಸಿದ್ದು 650 ರೂಪಾಯಿ. ಗಾಡಿ ಎಳೆಸಿದ್ದಕ್ಕೆ 800. ಮತ್ತೆ ಪೈಪ್ ಹಾಕಿಸಿದ್ದಕ್ಕೆ 1,400. ಮಾರ್ಕೆಟ್ಟಿಗೆ ತಡವಾಗಿ ಹೋಗಿ 12 ಕ್ರೇಟಿಗೆ ತಲಾ 60 ರೂಪಾಯಿ ಕಮ್ಮಿ ಸಿಕ್ಕಿತು, ಅದು 720. ಒಟ್ಟು 2,920. ಇದು ಬೆಂಕಿ ಹತ್ತದೇ ಇದ್ದಾಗಿನ ಲೆಕ್ಕ. ಹತ್ತಿದ್ದಿದ್ರೆ ಯಾವ ಕಾಲಮ್ಮಿಗೆ ಬರೀಬೇಕಿತ್ತು?

ಹಾಗಂತ ಅಲ್ಯೂಮಿನಿಯಂ ಕೆಟ್ಟದ್ದು ಅಂತಲ್ಲ. ಓದಿ, ನಾಲ್ಕು ಜನ ಬಲ್ಲವರನ್ನ ಕೇಳಿ ತಿಳ್ಕೊಂಡಿದ್ದು ಇಷ್ಟು. (ಸೇವ್ ಮಾಡಿಟ್ಕೊಳ್ಳಿ.)

1) ಎಲ್ಲಾ ಅಲ್ಯೂಮಿನಿಯಂ ಒಂದೇ ಅಲ್ಲ.
ಇಂಧನದ ಪೈಪಿಗೆ ಸಾಮಾನ್ಯವಾಗಿ ಬಳಸೋದು 3003 ಅಥವಾ 5052 ಅನ್ನೋ ಮಿಶ್ರಲೋಹ, ಅದೂ ಮೆತ್ತಗೆ ಹದ ಮಾಡಿದ್ದು. ಆ ಹದವನ್ನ ನಂಬರಿನ ಮುಂದೆ 'ಓ' ಅಂತ ಬರೀತಾರೆ. 6061-ಟಿ6 ಇನ್ನೂ ಗಟ್ಟಿ, ಆದ್ರೆ ತುದಿ ಅರಳಿಸೋಕೆ ಹೋದ್ರೆ ಬಿರುಕು ಬಿಡುತ್ತೆ. ನಮ್ಮ ಗಾಡಿಗೆ ಹಾಕಿದ್ದು ಎಸಿ, ಫ್ರಿಜ್ಜಿಗೆ ಬರೋ ತೆಳು ಸುರುಳಿ. ಬಣ್ಣ ಒಂದೇ, ಕೆಲಸ ಬೇರೆ.

2) ಒತ್ತಡ ಎಷ್ಟು ಅಂತ ಮೊದಲು ತಿಳ್ಕೊಳ್ಳಿ.
ಹಳೇ ಕಾರ್ಬ್ಯುರೇಟರ್ ಗಾಡಿಯಲ್ಲಿ ಪೈಪಿನೊಳಗೆ ಅರ್ಧ ಬಾರ್ ಕೂಡ ಇರಲ್ಲ. ಪೆಟ್ರೋಲ್ ಇಂಜೆಕ್ಷನ್ ಗಾಡಿಯಲ್ಲಿ ಸುಮಾರು 3ರಿಂದ 4 ಬಾರ್, ಅಂದ್ರೆ ಕಾರಿನ ಟೈರಿನ ಗಾಳಿಗಿಂತ ಜಾಸ್ತಿ. ಕಾಮನ್ ರೇಲ್ ಡೀಸೆಲ್‌ನಲ್ಲಿ ಪಂಪಿನಿಂದ ಇಂಜೆಕ್ಟರಿಗೆ ಹೋಗೋ ಪೈಪಲ್ಲಿ ಸಾವಿರ ಬಾರ್ ದಾಟುತ್ತೆ. ಅಲ್ಲಿ ಕಂಪನಿಯ ಸ್ಟೀಲ್ ಪೈಪ್ ಬಿಟ್ಟು ಬೇರೆ ಮಾತೇ ಇಲ್ಲ. ಬ್ರೇಕ್ ಪೈಪಿಗೂ ಅಲ್ಯೂಮಿನಿಯಂ ಬೇಡವೇ ಬೇಡ.

3) ಮೊದಲು ಕೈ ಕೊಡೋದು ಜಾಯಿಂಟ್.
ರಬ್ಬರ್ ಹೋಸ್ ಹಾಕೋದಾದ್ರೆ ಪೈಪಿನ ತುದಿಗೆ ಸುತ್ತಲೂ ಉಬ್ಬಿದ ಒಂದು ಬಳೆ ಇರಬೇಕು. ಆ ಉಬ್ಬೇ ಹೋಸನ್ನ ಹಿಡಿಯೋದು. ನಮ್ಮದರಲ್ಲಿ ಅದೇ ಇರಲಿಲ್ಲ, ನುಣ್ಣನೆ ಪೈಪಿಗೆ ಬರೀ ಕ್ಲಿಪ್ಪು. ಎರಡನೇ ಫೋಟೋದಲ್ಲಿ ಎರಡೂ ಪಕ್ಕಪಕ್ಕ ಇಟ್ಟಿದ್ದೀನಿ, ನೀವೇ ನೋಡಿ.

ತುದಿ ಅರಳಿಸಿ ನಟ್ ಹಾಕೋ ಫಿಟಿಂಗ್ ಆದ್ರೆ ಕೋನ ಕೇಳಿ. ಎಎನ್ ಫಿಟಿಂಗಿಗೆ 37 ಡಿಗ್ರಿ. ಅಂಗಡಿಯಲ್ಲಿ ಸಿಗೋ ಸಾಮಾನ್ಯ ಫ್ಲೇರಿಂಗ್ ಟೂಲ್ ಮಾಡೋದು 45 ಡಿಗ್ರಿ. ಎರಡನ್ನೂ ಸೇರಿಸಿ ಬಿಗಿದ್ರೆ ಕೂತ ಹಾಗೇ ಕಾಣುತ್ತೆ, ಆದ್ರೆ ತಾಗೋದು ಒಂದು ಗೆರೆಯಷ್ಟು ಮಾತ್ರ. ಇನ್ನೂ ಬಿಗಿದ್ರೆ ಮೆತ್ತನೆ ಅಲ್ಯೂಮಿನಿಯಂ ಹಿಸುಕಿ ಹೋಗುತ್ತೆ.

ಅಳತೆಯೂ ಹಾಗೇ. ಎಎನ್-6 ಅಂದ್ರೆ ಒಂದು ಇಂಚಿನ 16 ಭಾಗದಲ್ಲಿ 6, ಸುಮಾರು 9.5 ಮಿ.ಮೀ. ಹೊರ ಅಳತೆ. ಅದಕ್ಕೆ 10 ಮಿ.ಮೀ. ಪೈಪ್ "ನಡೀತೈತಿ" ಅಂದ್ರೆ ನಂಬಬೇಡಿ.

4) ಅಲುಗಾಟ.
ತಂತಿಯನ್ನ ಹಿಂದೆ ಮುಂದೆ ಬಗ್ಗಿಸಿ ಮುರೀತೀವಲ್ಲ, ಅದೇ ಕಥೆ. ಸ್ಟೀಲು ಒಂದು ಮಿತಿಯೊಳಗಿನ ಸಣ್ಣ ಅಲುಗಾಟವನ್ನ ಎಷ್ಟು ದಿನ ಬೇಕಾದ್ರೂ ತಡೀತದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಅಲುಗಾಟವೂ ಒಳಗೊಳಗೇ ಲೆಕ್ಕ ಸೇರ್ತಾ ಹೋಗಿ ಒಂದು ದಿನ ಬಿರುಕಾಗುತ್ತೆ. ಅದಕ್ಕೇ ಚಾಸಿಯಿಂದ ಎಂಜಿನ್‌ಗೆ ಹೋಗೋ ಜಾಗದಲ್ಲಿ ಹೋಸ್ ಇರಲೇಬೇಕು. ಉಳಿದ ಕಡೆ ರಬ್ಬರ್ ಹಚ್ಚಿದ ಕ್ಲಿಪ್ಪಿನಲ್ಲಿ ಹಿಡಿಸಬೇಕು. ಬರಿ ಕಬ್ಬಿಣಕ್ಕೆ ತಾಗಿದ್ರೆ ಉಜ್ಜಿಯೂ ಸವೆಯುತ್ತೆ, ನೀರು ಸೇರಿದಾಗ ಎರಡು ಲೋಹದ ನಡುವೆ ತಿನ್ನೋ ಕೆಲಸವೂ ಶುರುವಾಗುತ್ತೆ. "ತುಕ್ಕು ಹಿಡಿಯಲ್ಲ" ಅನ್ನೋ ಮಾತು ಅಲ್ಲಿಗೆ ಮುಗೀತು.

5) ಈಗಿನ ಪೆಟ್ರೋಲು ಹಳೇ ಪೆಟ್ರೋಲಲ್ಲ.
ಶೇ 20 ಎಥನಾಲ್ ಇರೋ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಲ್ಲೇ. ಎಥನಾಲ್ ನೀರನ್ನ ಎಳ್ಕೊಳ್ಳುತ್ತೆ. ಗಾಡಿ ತಿಂಗಳುಗಟ್ಟಲೆ ನಿಂತ್ರೆ ಆ ನೀರು ಬೇರ್ಪಟ್ಟು ತಳಕ್ಕೆ ಇಳಿದು ಲೋಹವನ್ನ ತಿನ್ನಬಹುದು. ಹಳೇ ಕಾಲದ ರಬ್ಬರ್ ಹೋಸ್ ಊದಿಕೊಳ್ಳುತ್ತೆ, ಇಲ್ಲಾ ಬಿರುಕು ಬಿಡುತ್ತೆ. ಹಾಗಾಗಿ ಹೋಸಿನ ಮೇಲೆ ಏನು ಅಚ್ಚಾಗಿದೆ ಅಂತ ಓದಿ. ಇಂಜೆಕ್ಷನ್ ಗಾಡಿಗೆ 30ಆರ್9 ದರ್ಜೆಯದ್ದು ಕೇಳಿ, ಇ20ಗೆ ಆಗುತ್ತಾ ಅಂತಲೂ ಕೇಳಿ. ಏನೂ ಅಚ್ಚಿಲ್ಲದ ಹೋಸು ತೋಟಕ್ಕೆ ನೀರು ಬಿಡೋಕೆ ಸಾಕು.

ಈಗ ನನ್ನ ಅಭಿಪ್ರಾಯ. ನಮ್ಮೂರ ಕಡೆ ದುಡಿಯೋ ಗಾಡಿಗೆ ಅಲ್ಯೂಮಿನಿಯಂ ಪೈಪ್ ಬೇಡ. ಲೇಪನ ಇರೋ ಸ್ಟೀಲ್ ಪೈಪೇ ಇರಲಿ.

"ವಿಮಾನಕ್ಕೇ ಹಾಕ್ತಾರಲ್ಲಪ್ಪಾ" ಅಂದ ಒಬ್ಬ ಗೆಳೆಯ. ಹೌದು, ಎಎನ್ ಅಳತೆ ಹುಟ್ಟಿದ್ದೇ ಅಮೆರಿಕದ ಸೇನೆ, ನೌಕಾಪಡೆಯ ವಿಮಾನಗಳಿಗೆ. ಆದ್ರೆ ವಿಮಾನಕ್ಕೆ ಹಾರಾಟದ ಗಂಟೆ ಲೆಕ್ಕ ಇಟ್ಟು ತಪಾಸಣೆ ಮಾಡ್ತಾರೆ, ಪುಸ್ತಕದಲ್ಲಿ ಸಹಿ ಹಾಕ್ತಾರೆ. ನಮ್ಮ ವ್ಯಾನಿನ ಕೆಳಗೆ ಯಾರಾದ್ರೂ ತಲೆ ಹಾಕೋದು ಗಾಡಿ ನಿಂತಾಗ ಮಾತ್ರ.

"ತೂಕ ಕಮ್ಮಿ" ಅನ್ನೋರಿಗೂ ಲೆಕ್ಕ ಹಾಕಿದೆ. ಮೂರು ಮೀಟರ್, 8 ಮಿ.ಮೀ. ಪೈಪಲ್ಲಿ ಸ್ಟೀಲಿಗಿಂತ ಉಳಿಯೋದು ಹೆಚ್ಚೂಕಮ್ಮಿ 200 ಗ್ರಾಂ. ಮೂರ್ನಾಲ್ಕು ಟೊಮೆಟೊ ತೂಕ! ರೇಸ್ ಗಾಡಿಗೆ ಅದು ಬೇಕಾಗಬಹುದು. ಹಿಂದೆ 12 ಕ್ರೇಟ್ ಹೇರೋ ನಮಗೆ ಯಾಕೆ?

ಸ್ಟೀಲಿಗೂ ತುಕ್ಕು ಹಿಡಿಯುತ್ತೆ, ಗೊತ್ತು. ಆದ್ರೆ ಆ ತುಕ್ಕು ಕೆಂಪಗೆ ಕಣ್ಣಿಗೆ ಕಾಣುತ್ತೆ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಕೆಳಗೆ ಟಾರ್ಚ್ ಬಿಟ್ಟು ನೋಡಿದ್ರೆ ಸಿಗುತ್ತೆ. ಜಾರೋಕೆ ರೆಡಿಯಾಗಿರೋ ಜಾಯಿಂಟ್ ಹೊರಗಿಂದ ಹಾಗೆ ಕಾಣಲ್ಲ.

ಕೊನೇ ಮಾತು, ಇದು ನನ್ನ ಸಬ್ಜೆಕ್ಟು. ಬಿಲ್ ಕೇಳಿ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಮಾರಿದ ಮಾಲಿಗೆ, ಮಾಡಿದ ಸೇವೆಗೆ ಬಿಲ್ ಕೊಡದೇ ಇರೋದೂ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಲ್ಲಿ "ಪೈಪ್ ಕೆಲಸ" ಅಂತಷ್ಟೇ ಬರೆಸಬೇಡಿ. ಯಾವ ಲೋಹ, ಎಷ್ಟು ಮಿ.ಮೀ., ಯಾವ ಹೋಸು, ಎಲ್ಲಾ ಬರೆಸಿ. ಬರೀಬೇಕು ಅಂದಾಗಲೇ ಅರ್ಧ ಅಂಗಡಿಗಳಲ್ಲಿ ಒಳ್ಳೇ ಮಾಲು ಹೊರಗೆ ಬರುತ್ತೆ.

ಮತ್ತೆ, ಗಾಡಿಯಲ್ಲಿ ಪೆಟ್ರೋಲ್ ವಾಸನೆ ಬಂದ್ರೆ "ಊರು ಮುಟ್ಟಿ ನೋಡೋಣ" ಅನ್ನಬೇಡಿ. ಎಂಜಿನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ, ದೂರ ನಿಲ್ಲಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗಾಡಿ ಕೆಳಗೇ ಹರಡಿಕೊಂಡು ಕೂತಿರುತ್ತೆ. ಆ ದಿನ ಚಿಕ್ಕಮ್ಮನ ಮೂಗು ಚುರುಕಿತ್ತು. ದಿನಾ ಆಕೆ ಗಾಡಿಯಲ್ಲಿ ಇರಲ್ಲ.

ಮೂರನೇ ಫೋಟೋ ಈಗ ಹಾಕಿಸಿರೋ ಸ್ಟೀಲ್ ಪೈಪು. ಚಿಕ್ಕಪ್ಪ ಮೊನ್ನೆ ತಾನೇ ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಿದ. ಎದ್ದು ಅಂಗಿ ಜಾಡಿಸ್ಕೊಂಡು ಅಂದದ್ದು ಇಷ್ಟೇ: "ರೊಕ್ಕ ಹೋತು ಖರೆ, ನಿದ್ದಿ ಬರ್ತೈತಿ."

ನಿಮ್ಮ ಗಾಡಿ ಕೆಳಗೆ ಏನಿದೆ? ಇವತ್ತು ಸಂಜೆ ಒಂದ್ಸಲ ಬಗ್ಗಿ ನೋಡಿ, ಕಾಮೆಂಟಲ್ಲಿ ಹೇಳಿ. ಮುಂದಿನ ಭಾಗ: ಹಳೇ ಟೈರಿಗೆ ಹೊಸ ಮೈ.

#ಗ್ಯಾರೇಜ್‌ಲೆಕ್ಕ #ತಂಬ್ರಹಳ್ಳಿ #ಹಗರಿಬೊಮ್ಮನಹಳ್ಳಿ #ಪೆಟ್ರೋಲ್‌ಪೈಪ್ #ಬಿಲ್‌ಕೇಳಿ